ಕೈಗೆಲಸದ ಮಾತು: ಆಟದ ಪೆಟ್ಟಿಗೆಗೆ ಬಣ್ಣ

ನನ್ನ ಮೊಮ್ಮಗಳು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಳು. ಆರು ವಾರ ಹಾಸಿಗೆ ಬಿಟ್ಟೇಳಬಾರದೆಂದು ವೈದ್ಯರ ಕಟ್ಟಪ್ಪಣೆಯಾಯಿತು. ಆಗ ಅವಳ ಅಣ್ಣನು ತಂಗಿಗಾಗಿ ಒಂದು ಆಟದ ಪೆಟ್ಟಿಗೆಯನ್ನು ತಾನೇ ಮಾಡಿಕೊಡುವುದಾಗಿ ಸಂಕಲ್ಪಿಸಿದನು. 1989ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯವರು ಹೊರತಂದ ‘ಗೇಮ್ ಬಾಯ್’ ಎಂಬ ಕೈಯಾಟದ ಯಂತ್ರವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅಂತಹುದನ್ನು ಈಗಿನ ಹುಡುಗರು ಮನೆಯಲ್ಲಿಯೇ ಕಟ್ಟಿಕೊಳ್ಳುವುದುಂಟು. ಒಳಗೆ ‘ರಾಸ್ಪ್‌ಬೆರಿ ಪೈ ಝೀರೋ’ ಎಂಬ, 2015ರಲ್ಲಿ ಮೊದಲು ಮಾರಾಟಕ್ಕೆ ಬಂದ, ಬೆರಳುದ್ದದ ಗಣಕ, ಒಂದು ಪುಟ್ಟ ತೆರೆ, ಕೆಲವು ಗುಂಡಿಗಳು, ಒಂದು ಬ್ಯಾಟರಿ. ಆ ಜೋಡಣೆಯಲ್ಲಿ ನನಗೆ ಪ್ರವೇಶವಿಲ್ಲ. ಹೊರಗಿನ ಕವಚದ ಕೆಲಸಕ್ಕೆ ಮಾತ್ರ ನನ್ನನ್ನು ಕರೆದನು.

ಕವಚವು ಮೂರು ಆಯಾಮದ ಮುದ್ರಣಯಂತ್ರದಲ್ಲಿ ಆದದ್ದು. ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಶ್ಯಾವಿಗೆ ಒತ್ತಿದಂತೆ ಸಣ್ಣ ರಂಧ್ರದಿಂದ ಹೊರಡಿಸಿ, ಪದರದ ಮೇಲೆ ಪದರವಿಟ್ಟು ಕಟ್ಟಿದ್ದು. ಒಂದೊಂದು ಪದರವೂ ಸುಮಾರು 0.2 ಮಿಲಿಮೀಟರ್ ದಪ್ಪ. ಆದುದರಿಂದ ಮೈಯೆಲ್ಲ ಗೆರೆಗೆರೆ. ಬಣ್ಣ ಬಳಿದರೆ ಅವು ಮುಚ್ಚಿಹೋಗುವುವೆಂದು ಹುಡುಗನು ನಂಬಿದ್ದನು. ಬಣ್ಣವು, ಅದರಲ್ಲಿಯೂ ಹೊಳಪಿನ ಬಣ್ಣವು, ತಗ್ಗುದಿಣ್ಣೆಗಳನ್ನು ಮುಚ್ಚುವುದಿಲ್ಲ. ದೀಪ ಹಿಡಿದು ತೋರಿಸುತ್ತದೆ.

ಮೊದಲು ಒಳಗಿನ ಯಂತ್ರಾಂಶಗಳನ್ನೆಲ್ಲ ತೆಗೆದಿರಿಸತಕ್ಕದ್ದು. ಅನಂತರ 120ನೆಯ ನಂಬರಿನ ಉಪ್ಪುಕಾಗದವನ್ನು ಚಪ್ಪಟೆಯಾದ ಮರದ ತುಂಡಿಗೆ ಸುತ್ತಿ ಉಜ್ಜಬೇಕು; ಬರಿಯ ಬೆರಳಿನಿಂದ ಒತ್ತಿದರೆ ಅಲ್ಲಲ್ಲಿ ಹಳ್ಳ ಬೀಳುವುದು. ಆಮೇಲೆ 220, ಆಮೇಲೆ ನೀರಿನಲ್ಲಿ ನೆನೆಸಿ 400. ನೀರು ಹಾಕಿ ಉಜ್ಜಿದರೆ ಧೂಳೂ ಏಳದು. ಒಣ ಕಾಗದದಿಂದ ಉಜ್ಜುವಾಗ ಮೂಗುಬಾಯಿಗಳನ್ನು ಮುಚ್ಚಿಕೊಳ್ಳುವುದು ಕ್ಷೇಮ. ಹುಡುಗನು ಬೇಗ ಮುಗಿಸಲೆಂದು ಎಲ್ಲಿಂದಲೋ ಒಂದು ವಿದ್ಯುತ್ ಯಂತ್ರವನ್ನು ತಂದಿದ್ದನು. ಈ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿ ಸೆಂಟಿಗ್ರೇಡಿಗೇ ಮೆದುವಾಗುವಂತಹುದು. ಘರ್ಷಣೆಯ ಬಿಸಿಗೆ ಒಂದು ಮೂಲೆ ಅಂಟಂಟಾಗಿ ಎದ್ದಿತು. ಅಲ್ಲಿಗೆ ಯಂತ್ರವು ಹಿಂದಿರುಗಿತು.

ಉಜ್ಜಿಯೂ ಉಳಿದ ಗೆರೆಗಳಿಗೆ, ಮೋಟಾರು ಗಾಡಿಗಳಿಗೆ ಬಣ್ಣ ಹೊಡೆಯುವವರು ಬಳಸುವ ಪುಟ್ಟಿಯನ್ನು ತೆಳ್ಳಗೆ ಎಳೆದು, ಒಣಗಿದ ಮೇಲೆ ಮತ್ತೆ ಉಜ್ಜಿದೆವು. ಒಮ್ಮೆಗೇ ದಪ್ಪವಾಗಿ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇದ್ದು ಬಿರಿಯುತ್ತದೆ. ಇಲ್ಲಿ ನಮಗೊಂದು ಚರ್ಚೆಯಾಯಿತು. ಮುಂಭಾಗ ಹಿಂಭಾಗಗಳು ಕೂಡುವ ಸಂಧಿಯನ್ನೂ ತುಂಬಿ ಏಕವಾಗಿ ಮಾಡೋಣವೆಂದು ಅವನ ಅಪೇಕ್ಷೆ. ನಾನು ಬೇಡವೆಂದೆ. ಈ ಜಾತಿಯ ಬ್ಯಾಟರಿಗಳು ಹಳತಾದಾಗ ಉಬ್ಬುವುದುಂಟು. ಆಗ ತೆರೆಯಲಾರದ ಪೆಟ್ಟಿಗೆಯು ಅಪಾಯ. ವ್ಯಾಕರಣದಲ್ಲಿ ಎರಡು ಸ್ವರಗಳು ಎದುರಾದರೂ ಸಂಧಿಯಾಗದೆ ಹಾಗೆಯೇ ನಿಲ್ಲುವ ಪ್ರಕೃತಿಭಾವವೆಂಬುದೊಂದಿದೆಯಷ್ಟೆ. ಇದೂ ಹಾಗೆಯೇ ಇರಲಿ ಎಂದೆ. ಅವನು ನಕ್ಕನು. ಮೂವತ್ತು ವರ್ಷ ಪಾಠ ಹೇಳಿದಾಗ ಆ ಪ್ರಕರಣಕ್ಕೆ ಯಾರೂ ನಕ್ಕಿರಲಿಲ್ಲ.

ಮುಂದೆ ಬೂದುಬಣ್ಣದ ಪ್ರೈಮರ್. ಇದನ್ನು ತೆಳ್ಳಗೆ ಸಿಂಪಡಿಸಿ, ಕಿಟಕಿಯ ಬಳಿ ಓರೆಯಾಗಿ ಹಿಡಿದು ನೋಡಬೇಕು. ಮುಗಿಯಿತೆಂದುಕೊಂಡ ಮೈಯಲ್ಲಿ ಸಾಸಿವೆಯಷ್ಟು ಗುಳಿಗಳು ಹತ್ತಾರು ಕಂಡವು. ಮತ್ತೆ ಪುಟ್ಟಿ, ಮತ್ತೆ ಕಾಗದ. ಮೂರನೆಯ ಸಲಕ್ಕೆ ಹುಡುಗನು, “ತಾತ, ಅವಳು ನೋಡುವುದು ತೆರೆಯನ್ನು, ಇದರ ಬೆನ್ನನ್ನಲ್ಲ” ಎಂದನು. ನ್ಯಾಯವಾದ ಮಾತೇ. ಆದರೆ ಬೆನ್ನನ್ನು ಹಿಡಿಯುವುದು ಅವಳ ಬೆರಳುಗಳಲ್ಲವೇ?

ಇನ್ನು ನನ್ನ ಅಪರಾಧವನ್ನು ಹೇಳಬೇಕು. ಗುಂಡಿಯ ರಂಧ್ರಗಳಿಗೆ ಕಾಗದದ ಸುರುಳಿಗಳನ್ನು ತುರುಕಿ, ತಾರಸಿಯಲ್ಲಿ ಒಂದಡಿ ದೂರದಿಂದ ನೀಲಿಯ ಎನಾಮೆಲನ್ನು ಸಿಂಪಡಿಸಿದೆವು. ಬೆಳಿಗ್ಗೆ ಮೊದಲನೆಯ ಕೈ ಬಹು ಚೆನ್ನಾಗಿ ಕುಳಿತಿತು. ಸಂಜೆಯ ಹೊತ್ತಿಗೆ ಮುಟ್ಟಿದರೆ ಅಂಟಲಿಲ್ಲ. ಆರು ವಾರಗಳಲ್ಲಿ ನಾಲ್ಕು ಆಗಲೇ ಕಳೆದಿದ್ದವು. ನಾಳೆ ಹೊಡೆಯೋಣವೆಂದ ಹುಡುಗನನ್ನು ನಾನೇ ಅವಸರಪಡಿಸಿ ಎರಡನೆಯ ಕೈ ಹೊಡೆಯಿಸಿದೆ. ಹತ್ತು ನಿಮಿಷದಲ್ಲಿ ಬಣ್ಣವೆಲ್ಲ ಮುದುಕರ ಚರ್ಮದಂತೆ ಸುಕ್ಕುಗಟ್ಟಿತು. ಮತ್ತೊಂದು ಕೈ ಹಾಕುವುದಾದರೆ ಒಂದು ಗಂಟೆಯೊಳಗೆ, ಇಲ್ಲವೇ ಎರಡು ದಿನಗಳ ತರುವಾಯ ಎಂದು ಡಬ್ಬಿಯ ಮೇಲೆಯೇ ಸಣ್ಣಕ್ಷರದಲ್ಲಿ ಮುದ್ರಿಸಿತ್ತು. ಅರೆ ಒಣಗಿದ ಮೈಯೊಳಕ್ಕೆ ಹೊಸ ಬಣ್ಣದ ದ್ರಾವಕವು ಇಳಿದು ಅದನ್ನು ಉಬ್ಬಿಸಿ ಎಬ್ಬಿಸುವುದೇ ಇದಕ್ಕೆ ಕಾರಣ. ಪ್ರಶ್ನೆಯನ್ನು ಎರಡು ಸಲ ಓದಿರೆಂದು ವಿದ್ಯಾರ್ಥಿಗಳಿಗೆ ಜೀವಮಾನವೆಲ್ಲ ಹೇಳಿದವನು ಅದನ್ನು ಒಮ್ಮೆಯೂ ಓದಿರಲಿಲ್ಲ. ಹುಡುಗನು ಏನೂ ಅನ್ನಲಿಲ್ಲ. ಮರದ ತುಂಡಿಗೆ ಹೊಸ ಕಾಗದವನ್ನು ಸುತ್ತತೊಡಗಿದನು.

ಬಣ್ಣವನ್ನೆಲ್ಲ ಉಜ್ಜಿ ತೆಗೆದು ಮರಳಿ ಅಲ್ಲಿಯವರೆಗೆ ಬರಲು ನಾಲ್ಕು ದಿನ ಹಿಡಿಯಿತು. ಈ ಸಲ ಎರಡು ತೆಳುವಾದ ಕೈಗಳು, ಅರ್ಧ ಗಂಟೆಯ ಅಂತರದಲ್ಲಿ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಮೊದಲೇ ಹಿಡಿದರೆ ಹೆಬ್ಬೆಟ್ಟಿನ ಗುರುತು ನಿಲ್ಲುತ್ತದೆ. ಆದಕಾರಣ ಅದನ್ನು ಬೀರುವಿನ ಮೇಲಿರಿಸಿ ಮೂರು ದಿನ ಯಾರೂ ಮುಟ್ಟಲಿಲ್ಲ. ರಂಧ್ರಗಳ ಅಂಚಿಗೆ ಅಂಟಿದ್ದ ಬಣ್ಣವನ್ನು ದುಂಡು ಅರದಿಂದ ಕೆರೆದ ಮೇಲೆಯೇ ಗುಂಡಿಗಳು ಸಲೀಸಾಗಿ ಆಡಿದವು.

ಅವಳ ಕಾಲಿನ ಪಟ್ಟಿ ಬಿಚ್ಚಲು ಐದು ದಿನ ಉಳಿದಿರಲು ಪೆಟ್ಟಿಗೆಯು ಅವಳ ಕೈಸೇರಿತು. ಯಂತ್ರವು ಕರಗಿಸಿದ ಆ ಮೂಲೆಯಲ್ಲಿ ಸಣ್ಣದೊಂದು ತಗ್ಗು ಇನ್ನೂ ಇದೆ. ತಿದ್ದಿಕೊಡುತ್ತೇನೆಂದು ಎರಡು ಸಲ ಕೇಳಿದೆ. ಪಟ್ಟಿ ಬಿಚ್ಚಿ ಅವಳು ನಡೆದಾಡತೊಡಗಿದರೂ ಪೆಟ್ಟಿಗೆಯನ್ನು ಕೊಡಲೊಲ್ಲಳು, ಆಟವು ಮುಗಿದಿಲ್ಲವಂತೆ.