ಹುಣಸೆಹಣ್ಣಲ್ಲ, ಕವಾಟ

ಅಮೆರಿಕದ ಡೆಟ್ರಾಯಿಟ್‌ನ ಸೊರಗಿದ ಬಡಾವಣೆಗಳಿಗೆ ಕೋವಿಡ್ ಚೇತರಿಕೆ ಅನುದಾನ ಸುರಿದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಜನ ಊರು ಬಿಡುತ್ತಿರುವಾಗ ಆ ಹಣದಲ್ಲಿ ಚರಂಡಿ ಸರಿಪಡಿಸುವುದು ಯಾರಿಗೆ ಎಂಬುದು ಅವರ ವಾದ. ಕಾರ್ಯಕಾರಣವೇ ತಲೆಕೆಳಗಾಗಿದೆ! 2021ರ ಜೂನ್ ಮಳೆಗೆ ಅಲ್ಲಿ ಸಾವಿರಾರು ನೆಲಮಾಳಿಗೆಗಳಿಗೆ ಕೊಚ್ಚೆ ಹಿಮ್ಮುಖವಾಗಿ ನುಗ್ಗಿತ್ತು. ಅಂಥ ಮನೆಯಲ್ಲಿ ಯಾರು ಉಳಿದಾರು? ಅನುದಾನದ ಒಂದು ಪಾಲಿನಿಂದ ವಿಕ್ಟೋರಿಯಾ ಪಾರ್ಕ್‌ನಂಥ ಬಡಾವಣೆಗಳ ಮನೆಗಳಿಗೆ ನೀರು ಹಿಂದೆ ಬಾರದಂತೆ ತಡೆಯುವ ಕವಾಟ, ಪಂಪು ಕೂರಿಸುವ ಯೋಜನೆ ಹುಟ್ಟಿತು.

ನಗರಕ್ಕೆ ಸಿಕ್ಕಿದ್ದು ಸುಮಾರು 82.6 ಕೋಟಿ ಡಾಲರ್. 2026ರ ಕೊನೆಯೊಳಗೆ ಖರ್ಚಾಗಬೇಕು. ಹೀಗೆ ಒಮ್ಮೆ ಮಾತ್ರ ಬರುವ ಹಣವನ್ನು ಕವಾಟದ ಬದಲು ನೌಕರರ ಸಂಬಳಕ್ಕೆ ಕಟ್ಟಿಹಾಕಿದರೆ ಮುಂದೆ ಖಜಾನೆಗೇ ಹೊರೆ. ಕವಾಟಕ್ಕೂ ನಿರ್ವಹಣೆ ಬೇಕು, ಒಪ್ಪಿದೆ. ಆದರೆ ತಿಂಗಳ ಮೊದಲ ತಾರೀಖು ಅದು ಕೈಚಾಚುವುದಿಲ್ಲ.