ಹೊರಗಿಂದಲೇ ನೋಡಿದ ಎರಡು ಬಂಗಲೆ

ನಮ್ಮ ಶರಣಸಿರಸಗಿಯಿಂದ ಕಲಬುರಗಿಗೆ ಟಂಟಂ ಹತ್ತಿದರೆ ನನ್ನ ಸಂಜೆ ಮುಗಿಯುವುದು ಹೆಚ್ಚಾಗಿ ಅಪ್ಪನ ಕೆರೆ ದಂಡೆಯಲ್ಲಿ. ಹತ್ತಿರದಲ್ಲೇ ಶರಣಬಸವೇಶ್ವರರ ಗುಡಿ, ಕೆರೆಗೆ ಅಂಟಿಕೊಂಡು ಉದ್ಯಾನ. ಪಿಎಸ್‌ಐ, ಎಫ್‌ಡಿಎ ಅಂತ ಓದುವವರು ಗೈಡ್ ಹಿಡಿದು ನೆರಳು ಹುಡುಕುತ್ತಿರುತ್ತಾರೆ. ನಾನು ಬಿ.ಇ. ಸಿವಿಲ್ ವಿದ್ಯಾರ್ಥಿ. ನನಗೂ ಒಂದು ನೆರಳು ಬೇಕಲ್ಲ!

ಹೋದ ಡಿಸೆಂಬರ್‌ನಲ್ಲಿ ಗೆಳೆಯರು ಮೂವರು ಬಸವ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋಗಿದ್ದೆವು. ಅರಮನೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ನೀರಾವರಿಗೆಂದು ಕಟ್ಟಿಸಿದ್ದು. ಕುವೆಂಪು ನಡೆದಾಡುತ್ತಿದ್ದ ದಾರಿಯಲ್ಲಿ ಈಗಲೂ ಜನ ವಾಕಿಂಗ್ ಮಾಡುತ್ತಾರೆ, ಮರಗಳ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತವೆ. ಪಕ್ಕದ ಮಾನಸಗಂಗೋತ್ರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿ ಅವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮಿ ವಿಲಾಸ. ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಇರುವುದು ಅಲ್ಲೇ. ಆದರೆ ದುರಸ್ತಿಗೆಂದು ಬಾಗಿಲು ಹಾಕಿದ್ದರು. ಹೊರಗಿಂದಲೇ ಫೋಟೊ ಹೊಡೆದುಕೊಂಡು ಬಂದೆವು.

ಅಲ್ಲಿನ ಹಾಸ್ಟೆಲ್ ಗೆಳೆಯ ಕೇಳಿದ, ‘ನಿಮ್ಮೂರಲ್ಲಿ ಇಂಥದ್ದು ಏನಿದೆ?’ ಕೋಟೆ, ಬಂದೇನವಾಜ್ ದರ್ಗಾ, ಬುದ್ಧ ವಿಹಾರ ಎಂದೆ. ಬಂಗಲೆ? ಐವಾನ್-ಎ-ಶಾಹಿ ಎಂದವನು ಅಲ್ಲಿಗೇ ನಿಂತೆ. ಹೈದರಾಬಾದ್ ನಿಜಾಮರು ಬಂದಾಗ ಇಳಿದುಕೊಳ್ಳುತ್ತಿದ್ದ ಕಲ್ಲಿನ ಬಂಗಲೆ, ಈಗ ಸರ್ಕಾರಿ ಅತಿಥಿಗೃಹ. ಒಳಗೆ ಏನಿದೆ? ಇಪ್ಪತ್ತು ವರ್ಷ ಇದೇ ಊರಿನ ಮಗ್ಗುಲಲ್ಲಿ ಬೆಳೆದ ನನಗೆ ಹೇಳಲು ಬರಲಿಲ್ಲ. ಮನೆಗೆ ಬಂದು ಅವ್ವನನ್ನು ಕೇಳಿದರೆ, ‘ಅಲ್ಲಿಗಿ ಮಂತ್ರಿಗೋಳು ಬರ್ತಾರ, ನಮ್ದೇನದ ಅಲ್ಲಿ?’ ಅಂದಳು.

ನನಗೆ ಚುಚ್ಚಿದ್ದು ಆ ಮಾತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಪ್ರತಿ ವರ್ಷ ಆ ದಿನ ಧ್ವಜ ಹಾರಿಸುತ್ತೇವೆ. ಬಂಗಲೆ ಮಾತ್ರ ದೊಡ್ಡವರ ವಸತಿಯಾಗಿಯೇ ಉಳಿಯಿತು. ಭದ್ರತೆಯ ಪ್ರಶ್ನೆ ಅನ್ನಬಹುದು. ದೆಹಲಿಯ ರಾಷ್ಟ್ರಪತಿ ಭವನವನ್ನೇ ಮೊದಲೇ ಬುಕ್ ಮಾಡಿ ಯಾರು ಬೇಕಾದರೂ ನೋಡಿ ಬರಬಹುದು, ಅಲ್ಲಿ ರಾಷ್ಟ್ರಪತಿಗಳು ವಾಸವಾಗಿದ್ದಾಗಲೂ. ಅತಿಥಿಗಳಿಲ್ಲದ ಭಾನುವಾರ ಎರಡು ತಾಸು ಇದನ್ನು ತೆರೆದರೆ ಸಾಕು. ಕೊಠಡಿಗಳ ಒಳಕ್ಕೂ ಬೇಡ, ಹಜಾರ ಮತ್ತು ಅಂಗಳ ಸಾಕು.

‘ಜನ ಓಡಾಡುತ್ತಿದ್ದ ಮೈಸೂರಿನ ಬಂಗಲೆಯೂ ಹಾಳಾಗಿ ದುರಸ್ತಿಗೆ ಬಂತಲ್ಲ’ ಎಂದು ಗೆಳೆಯ ವಾದ ಹಾಕಿದ. ನಿಜ. ಗಾರೆ, ಮರದ ಕಟ್ಟಡಕ್ಕೆ ಒಮ್ಮೆ ನೀರು ಇಳಿಯಿತೆಂದರೆ ತೊಲೆ ಒಳಗಿಂದಲೇ ಕೊಳೆಯುತ್ತದೆ, ನೋಡುಗರು ಬಂದರೆಂದು ಅದು ನಿಲ್ಲುವುದಿಲ್ಲ. ಆದರೆ ಅಲ್ಲಿ ಚಾವಣಿ ಸೋರಿದರೆ ಊರಿಗೆ ಗೊತ್ತಾಗುತ್ತಿತ್ತು, ಪತ್ರಿಕೆಗಳಲ್ಲಿ ಬರುತ್ತಿತ್ತು. ಒಳಗಿರುವ ಗೊಂಬೆ, ನೇಗಿಲುಗಳನ್ನು ಕಂಡವರು ಕೇಳುತ್ತಿದ್ದರು. ನಮ್ಮ ಬಂಗಲೆಯ ಗೋಡೆ ಬಿರುಕು ಬಿಟ್ಟರೆ ಕೇಳುವವರು ಯಾರು? ನಮ್ಮ ಕಾಲೇಜುಗಳ ಸಿವಿಲ್ ವಿದ್ಯಾರ್ಥಿಗಳಿಗೆ ಅಳತೆ ಪಟ್ಟಿ ಕೊಟ್ಟು ಒಂದು ವಾರ ಒಳಗೆ ಬಿಟ್ಟರೆ ನಕ್ಷೆಯನ್ನಾದರೂ ಬರೆದುಕೊಡುತ್ತೇವೆ. ನಾವು ಪ್ರಾಜೆಕ್ಟ್‌ಗೆಂದು ಹೇಗೂ ಊರೂರು ಅಲೆಯುತ್ತೇವೆ.

ಹೋಳಿ ಮುಗಿದ ಮೇಲೆ ಅಪ್ಪನ ಜಾತ್ರೆಗೆ ಆ ಮೈಸೂರಿನ ಗೆಳೆಯ ಬರುತ್ತಾನಂತೆ. ತೇರು ತೋರಿಸುತ್ತೇನೆ, ಕೆರೆ ದಂಡೆಗೆ ಕೂರಿಸಿ ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನಿಸುತ್ತೇನೆ. ಐವಾನ್-ಎ-ಶಾಹಿ ಗೇಟಿನ ಮುಂದೆ ಟಂಟಂ ನಿಲ್ಲಿಸಿ ಏನು ಹೇಳಬೇಕೋ, ಇನ್ನೂ ತೋಚಿಲ್ಲ.