ಬುಡಕ್ಕೆ ಮೂರಡಿ ಮಣ್ಣು ಬಿಡಿ

ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ಸಸಿ ನೆಡುವ ಸಂಭ್ರಮ. ಮಡಗಾಸ್ಕರ್ ಮೂಲದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಟಬೆಬುಯಾ ಹೂವುಗಳ ಚೆಲುವಿಗೆ ಸೋತವರು ನಾವು. ಆದರೆ ಬೀದಿಬದಿಗೆ ಹೊಂಗೆಯಂಥ ಮರ ಇನ್ನೊಂದಿಲ್ಲ. ಬಿಸಿಲು ಏರುವ ಯುಗಾದಿಯ ಹೊತ್ತಿಗೇ ಅದು ಎಳೆ ಹಸಿರು ತುಂಬಿಕೊಂಡು ನಿಲ್ಲುತ್ತದೆ. ಹೂವಿಗೆ ಜೇನು ಮುತ್ತುತ್ತದೆ. ಅಗಲ ರಸ್ತೆಗೆ ಬೇವು, ನೇರಳೆ, ಕೆರೆಯಂಚಿಗೆ ಹೊಳೆಮತ್ತಿ.

ನೆಟ್ಟರಷ್ಟೇ ಸಾಲದು. ಪಾದಚಾರಿ ಮಾರ್ಗದ ಸಿಮೆಂಟು ಕಾಂಡಕ್ಕೆ ಅಂಟಿಕೊಂಡು ಬೇರಿಗೆ ನೀರಿಳಿಯದಂತೆ ಮಾಡಿದೆ. ಎಂದೋ ಹಾಕಿದ ಕಬ್ಬಿಣದ ಬೇಲಿ ತೊಗಟೆಯೊಳಗೆ ಹೂತುಹೋಗಿದೆ, ಬಿಚ್ಚುವವರಿಲ್ಲ. ಬುಡದ ಸುತ್ತ ಮೂರಡಿ ಮಣ್ಣು ಬಿಡಬೇಕು. ಮೊದಲ ಎರಡು ಬೇಸಿಗೆ ತಪ್ಪದೆ ನೀರುಣಿಸಬೇಕು. ಗುತ್ತಿಗೆದಾರರಿಗೆ ಹಣ ಕೊಡುವಾಗ ನೆಟ್ಟ ಸಸಿಗಳನ್ನಲ್ಲ, ಮೂರನೇ ವರ್ಷಕ್ಕೂ ಬದುಕಿರುವ ಗಿಡಗಳನ್ನು ಎಣಿಸಲಿ.